ಬ್ಯಾಟರಿ ಸತ್ತರೆ ಬಳಸಿದವರದೇ ತಪ್ಪೇ?

"ಇದು ಬಳಸಿದವರ ತಪ್ಪು ಮೇಡಂ, ಕಂಪನಿಯದಲ್ಲ. ನೀವು ಸರಿಯಾಗಿ ಚಾರ್ಜ್ ಮಾಡಿಲ್ಲ."

2022ರ ಮೇ ತಿಂಗಳ ಒಂದು ಮಧ್ಯಾಹ್ನ, ಒಂದು ಸರ್ವಿಸ್ ಸೆಂಟರಿನ ಗಾಜಿನ ಟೇಬಲ್ಲಿನಾಚೆ ಕುಳಿತ ಹುಡುಗ ನಮ್ಮ ಅಕ್ಕನ ಮಗಳಿಗೆ ಹೇಳಿದ ಮಾತಿದು. ಅವಳು ಆಗ ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದಳು. 2020ರಲ್ಲಿ ಕೋವಿಡ್ ಬಂದು ಕಾಲೇಜುಗಳು ಬಾಗಿಲು ಹಾಕಿದಾಗ, ಪಾಠವೆಲ್ಲ ಪರದೆಯ ಮೇಲೆ ಎಂದಾದಾಗ, ಅಕ್ಕ ತನ್ನ ಎರಡು ಬಳೆ ಒತ್ತೆಯಿಟ್ಟು ಕೊಡಿಸಿದ ಲ್ಯಾಪ್‌ಟಾಪ್ ಅದು. ಎರಡು ವರ್ಷ ತುಂಬುವುದರೊಳಗೆ ಅದರ ಬ್ಯಾಟರಿ ಅರ್ಧ ಗಂಟೆಗೂ ಬಾರದಂತಾಯಿತು. ಅದೂ ಸಹಿಸಬಹುದಿತ್ತೇನೋ. ಆದರೆ ಅವಳು ಮನೆಯಲ್ಲಿ ಕುಳಿತು ಒಂದು ಆನ್‌ಲೈನ್ ಪ್ರವೇಶ ಪರೀಕ್ಷೆ ಬರೆಯುತ್ತಿದ್ದಾಗ ಕರೆಂಟು ಹೋಯಿತು. ಪರದೆಯ ಮೂಲೆಯಲ್ಲಿ ಬ್ಯಾಟರಿ ಶೇ. 37 ಎಂದು ತೋರಿಸುತ್ತಿತ್ತು. ಹುಡುಗಿ ಧೈರ್ಯವಾಗಿಯೇ ಇದ್ದಳು. ಆರು ನಿಮಿಷಕ್ಕೆ ಪರದೆ ಕಪ್ಪಾಯಿತು. ಕರೆಂಟು ಮರಳಿ ಬಂದಾಗ ಪರೀಕ್ಷೆಯ ಹೊತ್ತು ಮುಗಿದಿತ್ತು.

ಸರ್ವಿಸ್ ಸೆಂಟರಿನಿಂದ ಹೊರಗೆ ಬಂದವಳು ಕೇಳಿದ್ದು ಒಂದೇ ಪ್ರಶ್ನೆ: "ಮಾಮೂ, ನಾನು ಅವರು ಹೇಳಿದ ಹಾಗೇ ಮಾಡಿದ್ದೆನಲ್ಲ?"

ಹೌದು, ಮಾಡಿದ್ದಳು. ಇಲ್ಲಿಂದಲೇ ನಮ್ಮ ತಕರಾರು ಶುರುವಾಗುತ್ತದೆ.

ಲ್ಯಾಪ್‌ಟಾಪ್ ಮಾರಿದ ಅಂಗಡಿಯವನು ಅವಳಿಗೆ ಮೂರು ಉಪದೇಶ ಕೊಟ್ಟಿದ್ದ. ಮೊದಲ ಸಲ ಎಂಟು ಗಂಟೆ ಸತತ ಚಾರ್ಜಿಗೆ ಹಾಕಿಡು. ಆಮೇಲೆ ಪ್ರತಿ ಸಲವೂ ಬ್ಯಾಟರಿ ಪೂರ್ತಿ ಇಳಿದು ತಾನಾಗಿ ಆಫ್ ಆಗುವವರೆಗೆ ಚಾರ್ಜಿಗೆ ಹಾಕಬೇಡ. ಹಾಕಿದ ಮೇಲೆ ನೂರಕ್ಕೆ ನೂರು ತುಂಬದೆ ತೆಗೆಯಬೇಡ. ನಮ್ಮ ದಖನಿ ಮಾತಿನಲ್ಲಿ ಆತ ಹೇಳಿದ ವೇದಾಂತ ಇನ್ನೂ ಸೊಗಸಾಗಿತ್ತು: "ಬ್ಯಾಟರಿ ಕೂ ಪೂರಾ ಮಾರ್ ಡಾಲೋ, ಫಿರ್ ಪೂರಾ ಜಿಲಾವೊ." ಪೂರ್ತಿ ಸಾಯಿಸಿ ಪೂರ್ತಿ ಬದುಕಿಸು ಎಂದು. ಹುಡುಗಿ ವಿಧೇಯಳು. ದಿನವೂ ಬ್ಯಾಟರಿಯನ್ನು ಸಾಯಿಸಿದಳು, ರಾತ್ರಿ ಹಾಸಿಗೆಯ ಪಕ್ಕ ರಜಾಯಿಯ ಮೇಲೆ ಲ್ಯಾಪ್‌ಟಾಪ್ ಇಟ್ಟು ಚಾರ್ಜರ್ ಚುಚ್ಚಿ ಮಲಗಿದಳು, ಬೆಳಿಗ್ಗೆ ನೂರಾಗಿ ಬೆಚ್ಚಗಿದ್ದ ಯಂತ್ರವನ್ನು ಎತ್ತಿಕೊಂಡಳು. ಎರಡು ವರ್ಷ ಅವಳು ಮಾಡಿದ ಇಷ್ಟೂ ಕೆಲಸ, ಆ ಬ್ಯಾಟರಿಯನ್ನು ಬೇಗ ಮುದಿಯಾಗಿಸಲು ಒಬ್ಬ ಮನುಷ್ಯ ಮನೆಯಲ್ಲಿ ಕುಳಿತು ಏನೇನು ಮಾಡಬಹುದೋ ಹೆಚ್ಚುಕಡಿಮೆ ಅಷ್ಟೂ ಆಗಿತ್ತು.

ಹಾಗಾದರೆ ಅಂಗಡಿಯವನು ಸುಳ್ಳುಗಾರನೇ? ಅಲ್ಲವೇ ಅಲ್ಲ. ಆತ ಹೇಳಿದ್ದು ಒಂದು ಕಾಲಕ್ಕೆ ಸರಿಯಾಗಿದ್ದ ಮಾತು. ಬ್ಯಾಟರಿ ಮಾತ್ರ ಬೇರೆಯದು.

ನಮ್ಮ ಮನೆಯಲ್ಲೇ ಮೂರು ತಲೆಮಾರಿನ ಬ್ಯಾಟರಿಗಳನ್ನು ನಾವು ನೋಡಿದ್ದೇವೆ. ನಾವು ಉರ್ದು ಶಾಲೆಯಲ್ಲಿ ನಾಲ್ಕನೇ ಇಯತ್ತೆ ಓದುವಾಗ ದಾದಾ ತಮ್ಮ ರೇಡಿಯೊದ ಸೆಲ್ಲುಗಳು ನಿತ್ರಾಣವಾದಾಗ ಅವನ್ನು ಮಾಳಿಗೆಯ ಮೇಲೆ ಬಿಸಿಲಿಗೆ ಇಡಿಸುತ್ತಿದ್ದರು. ಕಾವಲು ಕಾಯುವ ಕೆಲಸ ನಮ್ಮದು. ಸಂಜೆ ವಾರ್ತೆಯ ಹೊತ್ತಿಗೆ ಅವು ನಿಜಕ್ಕೂ ಮತ್ತೆ ಸ್ವಲ್ಪ ಮಾತಾಡುತ್ತಿದ್ದವು. ಅದು ದಾದಾನ ಮೂಢನಂಬಿಕೆಯಾಗಿರಲಿಲ್ಲ. ಆ ಸತುವಿನ ಸೆಲ್ಲಿನಲ್ಲಿ ಬಿಸಿಯಾದರೆ ಒಳಗಿನ ರಾಸಾಯನಿಕ ಕ್ರಿಯೆ ತುಸು ಚುರುಕಾಗುತ್ತದೆ. ಸಾಯುವವನಿಗೆ ಒಂದು ಗುಟುಕು ನೀರು ಕೊಟ್ಟಂತೆ, ಅಷ್ಟೆ.

ಆಮೇಲೆ ಬಂದದ್ದು ಇನ್ವರ್ಟರ್. ಅದರ ಸೀಸ-ಆಮ್ಲದ ಬ್ಯಾಟರಿಯ ಮೂಲ ವಿನ್ಯಾಸ 1859ರಷ್ಟು ಹಳೆಯದು, ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆಯದು. ಅದಕ್ಕೆ ಹೊಟ್ಟೆ ಸದಾ ತುಂಬಿರಬೇಕು. ಅರ್ಧ ಖಾಲಿಯಾಗಿ ವಾರಗಟ್ಟಲೆ ಬಿಟ್ಟರೆ ಒಳಗಿನ ಫಲಕಗಳ ಮೇಲೆ ಸಲ್ಫೇಟ್ ಹರಳುಗಟ್ಟಿ ಬ್ಯಾಟರಿ ಕೆಡುತ್ತದೆ. ಆದ್ದರಿಂದ ಇನ್ವರ್ಟರ್ ಇಪ್ಪತ್ತನಾಲ್ಕು ತಾಸೂ ಕರೆಂಟಿಗೆ ಅಂಟಿಕೊಂಡೇ ಇರುತ್ತದೆ, ಇರಲೂಬೇಕು.

ಮೂರನೆಯದು ನಿಕ್ಕಲ್ಲಿನ ಜಾತಿ. ಕಾರ್ಡ್‌ಲೆಸ್ ಫೋನು, ಶೇವರ್, ಆಟಿಕೆ, ಆರಂಭದ ಮೊಬೈಲುಗಳು ಎಲ್ಲ ಅದೇ. 2000ದಲ್ಲಿ ಬಂದು ಮನೆಮಾತಾದ ನೋಕಿಯಾ 3310 ಕೂಡ ಮೊದಲಿಗೆ ನಿಕ್ಕಲ್-ಮೆಟಲ್ ಹೈಡ್ರೈಡ್ ಬ್ಯಾಟರಿಯೊಂದಿಗೇ ಬಂದಿತ್ತು. ನಿಕ್ಕಲ್-ಕ್ಯಾಡ್ಮಿಯಂಗಂತೂ 'ನೆನಪಿನ ರೋಗ'ವೇ ಇತ್ತು. ದಿನವೂ ಅರ್ಧಕ್ಕೇ ಚಾರ್ಜಿಗೆ ಹಾಕಿದರೆ ಅದು ಅರ್ಧವನ್ನೇ ತನ್ನ ಪೂರ್ತಿ ಎಂದು ನಂಬಿಕೊಳ್ಳುತ್ತಿತ್ತು. ಆಗಾಗ ಪೂರ್ತಿ ಇಳಿಸಿ ಏರಿಸುವುದು ಅದಕ್ಕೆ ಔಷಧ. ಹೊಸದನ್ನು ಎಂಟು, ಹನ್ನೆರಡು ತಾಸು ಚಾರ್ಜಿಗೆ ಹಾಕಬೇಕೆನ್ನುವ ಮಾತೂ ಆ ಕಾಲದ್ದೇ.

ನಮ್ಮ ಅಂಗಡಿಯವನು ಮೊಬೈಲ್ ರಿಪೇರಿ ಕಲಿತದ್ದು ಆ ಕಾಲದಲ್ಲಿ. ಗುರುವಿನಿಂದ ಶಿಷ್ಯನಿಗೆ ಬಾಯಿಂದ ಬಾಯಿಗೆ ಬಂದ ವಿದ್ಯೆ ಅದು. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಇರುವುದು ಲಿಥಿಯಂ. 1991ರಲ್ಲಿ ಜಪಾನಿನ ಸೋನಿ ಮೊದಲು ಮಾರುಕಟ್ಟೆಗೆ ತಂದದ್ದು. 2019ರ ರಸಾಯನಶಾಸ್ತ್ರದ ನೊಬೆಲ್ ಇದನ್ನು ಸಾಧ್ಯಮಾಡಿದ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೊಶಿನೊ ಎಂಬ ಮೂವರಿಗೆ ಬಂತು. ಈ ಬ್ಯಾಟರಿಗೆ ಹಳೆಯ ನೆನಪಿನ ರೋಗವಿಲ್ಲ, ಇನ್ವರ್ಟರಿನ ಹಾಗೆ ಹೊಟ್ಟೆ ತುಂಬಿರಬೇಕೆಂಬ ಹಟವಿಲ್ಲ, ದಾದಾನ ಸೆಲ್ಲಿನ ಹಾಗೆ ಬಿಸಿಲಿನಿಂದ ಉಪಕಾರವೂ ಇಲ್ಲ. ಇದಕ್ಕೆ ಮೂರು ಸಂಕಟಗಳಿವೆ: ಪೂರ್ತಿ ಖಾಲಿಯಾಗುವುದು, ಪೂರ್ತಿ ತುಂಬಿಕೊಂಡು ಬಹಳ ಹೊತ್ತು ಕೂತಿರುವುದು, ಬಿಸಿಯಾಗುವುದು. ಹಳೆಯ ಮೂರು ಬ್ಯಾಟರಿಗಳಿಂದ ನಾವು ಕಲಿತ ಮೂರು ಒಳ್ಳೆಯ ಅಭ್ಯಾಸಗಳು ಇದಕ್ಕೆ ಮೂರು ವಿಷಗಳಾದವು. ಇದನ್ನು ನಮಗೆ ಹೇಳಬೇಕಾದವರು ಯಾರು?

ಸ್ವಲ್ಪ ವಿವರಕ್ಕೆ ಇಳಿಯೋಣ, ಏಕೆಂದರೆ ವಿವರವಿಲ್ಲದೆ ಬರೀ 'ಹಾಗೆ ಮಾಡಿ, ಹೀಗೆ ಮಾಡಬೇಡಿ' ಎಂದರೆ ನಾವೂ ಆ ಅಂಗಡಿಯವನ ಸಾಲಿಗೇ ಸೇರುತ್ತೇವೆ.

ಲ್ಯಾಪ್‌ಟಾಪ್‌ನ ಒಂದು ಸಾಮಾನ್ಯ ಲಿಥಿಯಂ ಸೆಲ್ಲು ಪೂರ್ತಿ ತುಂಬಿದಾಗ ಸುಮಾರು 4.2 ವೋಲ್ಟ್‌ನಲ್ಲಿರುತ್ತದೆ, ಖಾಲಿಯಾಗುತ್ತ ಬಂದಾಗ 3 ವೋಲ್ಟ್ ಸಮೀಪಕ್ಕೆ ಇಳಿಯುತ್ತದೆ. ಆ 4.2 ಎಂಬುದು ಅದಕ್ಕೆ ಉಸಿರು ಬಿಗಿಹಿಡಿದ ಸ್ಥಿತಿ. ಅಷ್ಟು ಒತ್ತಡದಲ್ಲಿ ಒಳಗಿನ ದ್ರವವೂ ವಿದ್ಯುದ್ವಾರಗಳೂ ಮೆಲ್ಲಗೆ ಕೆಡುತ್ತ ಹೋಗುತ್ತವೆ, ನೀವು ಲ್ಯಾಪ್‌ಟಾಪ್ ಬಳಸಲಿ, ಬಿಡಲಿ. ಇದಕ್ಕೆ ಬಿಸಿ ಸೇರಿದರೆ ಕೇಡಿನ ವೇಗ ಹೆಚ್ಚುತ್ತದೆ. ಬ್ಯಾಟರಿಗಳ ಬಗ್ಗೆ ಕೆನಡಾದ ಇಸಿಡೋರ್ ಬುಕ್‌ಮನ್ ಬರೆದ ಕೈಪಿಡಿಯಲ್ಲಿ ಒಂದು ಕೋಷ್ಟಕವಿದೆ. ಸುಮ್ಮನೆ ಇಟ್ಟ ಲಿಥಿಯಂ ಬ್ಯಾಟರಿ ಒಂದು ವರ್ಷದ ನಂತರ ಎಷ್ಟು ಶಕ್ತಿ ಉಳಿಸಿಕೊಂಡಿರುತ್ತದೆ ಎಂಬ ಲೆಕ್ಕ ಅದು. 25 ಡಿಗ್ರಿ ಬಿಸಿಯಲ್ಲಿ, ಶೇ. 40ರಷ್ಟು ಮಾತ್ರ ತುಂಬಿ ಇಟ್ಟರೆ ಶೇ. 96 ಉಳಿಯುತ್ತದೆ, ಪೂರ್ತಿ ತುಂಬಿ ಇಟ್ಟರೆ ಶೇ. 80. ಬಿಸಿ 40 ಡಿಗ್ರಿಯಾದರೆ, ಅದೇ ಶೇ. 40 ತುಂಬಿದ್ದು 85ಕ್ಕೆ ಬರುತ್ತದೆ, ಪೂರ್ತಿ ತುಂಬಿದ್ದು 65ಕ್ಕೆ ಇಳಿಯುತ್ತದೆ. ಗಮನಿಸಿ, ಬಳಸಿ ಸವೆದದ್ದಲ್ಲ ಇದು. ಸುಮ್ಮನೆ ಇದ್ದುದಕ್ಕೇ ವರ್ಷವೊಂದರಲ್ಲಿ ಮೂರನೇ ಒಂದು ಭಾಗ ಹೋಯಿತು.

ಈಗ ನಮ್ಮ ರಾಯಚೂರನ್ನು ನೆನೆಸಿಕೊಳ್ಳಿ. ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ಒಳಗೆ ತಗಡಿನ ಮಾಡು. ಲ್ಯಾಪ್‌ಟಾಪ್‌ನ ಒಡಲ ಬಿಸಿ ಕೋಣೆಯ ಬಿಸಿಗಿಂತ ಇನ್ನೂ ಮೇಲೆ. ಅದರ ಕೆಳಗೆ ರಜಾಯಿ, ಗಾಳಿಯ ಕಂಡಿಗಳು ಮುಚ್ಚಿವೆ. ರಾತ್ರಿಯಿಡೀ ನೂರಕ್ಕೆ ನೂರು. ಆ ಕೋಷ್ಟಕದ ಅತಿ ಕೆಟ್ಟ ಮೂಲೆ ಯಾವುದೋ, ನಮ್ಮ ಹುಡುಗಿಯ ಹಾಸಿಗೆಯೂ ಅಲ್ಲೇ ಇತ್ತು.

ಆ ಶೇ. 37ರ ಮೋಸದ ಕತೆಯೂ ಇದರದ್ದೇ. ಲ್ಯಾಪ್‌ಟಾಪ್‌ನ ಬ್ಯಾಟರಿ ಒಂದೇ ಸೆಲ್ಲಲ್ಲ. ಎರಡೋ ಮೂರೋ ನಾಲ್ಕೋ ಸೆಲ್ಲುಗಳನ್ನು ಸಾಲಾಗಿ ಜೋಡಿಸಿದ ಸರಪಳಿ. ವಯಸ್ಸಾದಂತೆ ಎಲ್ಲವೂ ಸಮನಾಗಿ ಮುದಿಯಾಗುವುದಿಲ್ಲ. ಒಂದು ಹೆಚ್ಚು ದುರ್ಬಲವಾಗುತ್ತದೆ. ಕರೆಂಟು ಹೋಗಿ ಇಡೀ ಭಾರ ಬ್ಯಾಟರಿಯ ಮೇಲೆ ಬಿದ್ದ ಕ್ಷಣ ಆ ದುರ್ಬಲ ಸೆಲ್ಲಿನ ವೋಲ್ಟೇಜು ಕುಸಿಯುತ್ತದೆ, ರಕ್ಷಣೆಯ ಸರ್ಕಿಟ್ಟು ಒಮ್ಮೆಲೇ ಬಾಗಿಲು ಹಾಕುತ್ತದೆ. ಮಿಕ್ಕ ಸೆಲ್ಲುಗಳಲ್ಲಿ ಇನ್ನೂ ಶಕ್ತಿ ಇದ್ದರೂ ಇಲ್ಲದಂತೆ.

ಇನ್ನು ಅಂಗಡಿಯವನ ಶಿಷ್ಯರಲ್ಲದ, ಬುದ್ಧಿವಂತರೆಂದು ಹೆಸರಾದ ನಮ್ಮ ಗೆಳೆಯರ ಕಡೆ ಬರೋಣ. ಇವರಲ್ಲಿ ಎರಡು ಪಂಥ. ಒಂದು ಪಂಥದವರು ನೂರಾದ ತಕ್ಷಣ ಚಾರ್ಜರನ್ನು ಕಿತ್ತುಹಾಕಬೇಕು, ಇಲ್ಲದಿದ್ದರೆ 'ಓವರ್‌ಚಾರ್ಜ್' ಆಗಿ ಸ್ಫೋಟವಾಗುತ್ತದೆ ಎಂದು ಹೆದರಿಸುವವರು. ಇನ್ನೊಂದು ಪಂಥದವರು ಸದಾ ಪ್ಲಗ್ಗಿನಲ್ಲೇ ಇರಲಿ, ಬ್ಯಾಟರಿಯನ್ನು ಮುಟ್ಟಿದರೆ ತಾನೇ ಸವೆಯುವುದು ಎನ್ನುವವರು. ಇಬ್ಬರಲ್ಲೂ ಅರ್ಧರ್ಧ ಸತ್ಯವಿದೆ. ಸರಿಯಾದ ಚಾರ್ಜರೂ ಸರಿಯಾದ ಸರ್ಕಿಟ್ಟೂ ಇದ್ದರೆ ಓವರ್‌ಚಾರ್ಜ್ ಆಗುವುದಿಲ್ಲ. ತುಂಬಿದ ಮೇಲೆ ಯಂತ್ರವೇ ಚಾರ್ಜು ನಿಲ್ಲಿಸುತ್ತದೆ, ಗೋಡೆಯ ಕರೆಂಟಿನಿಂದಲೇ ಕೆಲಸ ನಡೆಸುತ್ತದೆ. ಪ್ಲಗ್ಗಿನಲ್ಲಿದ್ದರೆ ಚಾರ್ಜಿನ ಸುತ್ತುಗಳು ಉಳಿಯುವುದೂ ನಿಜ. ಆದರೆ ನೂರರಲ್ಲೇ, ಬಿಸಿಯಲ್ಲೇ, ತಿಂಗಳುಗಟ್ಟಲೆ ಕೂತ ಬ್ಯಾಟರಿಗೆ ಆಗುವುದು ಏನೆಂದು ಮೇಲೆ ಹೇಳಿದ್ದೇವೆ. ನೂರಾದಾಗ ಕಿತ್ತು, ಸೊನ್ನೆಗೆ ಇಳಿಸಿ, ಮತ್ತೆ ನೂರಕ್ಕೆ ಏರಿಸುವ ಮೊದಲ ಪಂಥದವರು ಬೇರೆ ದಾರಿಯಲ್ಲಿ ಅದೇ ಊರಿಗೆ ಹೋಗುತ್ತಿದ್ದಾರೆ.

ಹಾಗಾದರೆ ಮಾಡಬೇಕಾದ್ದೇನು? ಹೇಳಲು ಹೊರಟರೆ ನಾಚಿಕೆಯಾಗುವಷ್ಟು ಸಣ್ಣ ಸಂಗತಿ. ಮೇಜಿನ ಮೇಲೆ ಪ್ಲಗ್ಗಿನಲ್ಲಿಟ್ಟೇ ಬಳಸುವವರು ಚಾರ್ಜು 80ಕ್ಕೆ ನಿಲ್ಲುವಂತೆ ಯಂತ್ರಕ್ಕೇ ಹೇಳಿಬಿಡಬೇಕು. ಹಾಗೆ ಹೇಳುವ ಸೌಲಭ್ಯ ಈಗಿನ ಬಹುಪಾಲು ಲ್ಯಾಪ್‌ಟಾಪ್‌ಗಳಲ್ಲಿ ಇದೆ. ಅದಿಲ್ಲದವರು 20ರ ಕೆಳಗೆ ಇಳಿಯುವ ಮೊದಲು ಚುಚ್ಚಿ, 80ರ ಆಸುಪಾಸಿನಲ್ಲಿ ತೆಗೆದರೆ ಸಾಕು. ಅರ್ಧಕ್ಕೇ ಚುಚ್ಚಿದರೆ ಪಾಪವೇನೂ ಇಲ್ಲ. ಎರಡು ಸಲ ಅರ್ಧರ್ಧ ಬಳಸಿದರೆ ಲೆಕ್ಕಕ್ಕೆ ಒಂದು ಸುತ್ತು, ಅಷ್ಟೆ. ಹಾಸಿಗೆ, ದಿಂಬು, ಬಿಸಿಲಿಗೆ ನಿಲ್ಲಿಸಿದ ಕಾರು ಇವು ಲ್ಯಾಪ್‌ಟಾಪ್ ಇಡುವ ಜಾಗಗಳಲ್ಲ. ಕೆಳಗೆ ಒಂದು ಹಲಗೆ, ಒಂದು ಸ್ಟೀಲಿನ ತಾಟು ಇದ್ದರೂ ಆದೀತು. ರಜೆಗೆ ಊರಿಗೆ ಹೋಗುವಾಗ ಅರ್ಧ ತುಂಬಿಸಿ ಆಫ್ ಮಾಡಿ ತಂಪು ಜಾಗದಲ್ಲಿ ಇಡಬೇಕು. ಸೊನ್ನೆಯಲ್ಲಿ ಬಿಟ್ಟು ಎರಡು ತಿಂಗಳ ಮೇಲೆ ಬಂದರೆ ಅದು ಏಳದೇ ಇರಬಹುದು. ಪೂರ್ತಿ ಇಳಿಸಿ ಏರಿಸುವುದನ್ನು ಕೆಲವು ತಿಂಗಳಿಗೊಮ್ಮೆ ಮಾಡಿದರೆ ಉಪಯೋಗವಿದೆ, ಅದೂ ಬ್ಯಾಟರಿಗಲ್ಲ, ಎಷ್ಟು ಉಳಿದಿದೆ ಎಂದು ತೋರಿಸುವ ಮೀಟರಿಗೆ. ಅದರ ಅಂದಾಜು ಸರಿಹೋಗುತ್ತದೆ.

"ಇದೆಲ್ಲ ಬೆಂಗಳೂರಿನ ಮಾತು. ಕರೆಂಟು ಯಾವಾಗ ಹೋಗುತ್ತದೋ ತಿಳಿಯದ ಊರಿನಲ್ಲಿ 80ಕ್ಕೆ ನಿಲ್ಲಿಸಿ ಕೂತರೆ ಆಯಿತೇ?" ಎಂದು ಯಾರಾದರೂ ಕೇಳಬಹುದು. ಕೇಳಲೇಬೇಕು. ನಮ್ಮ ಜಿಲ್ಲೆಯ ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲು ಉರಿಯುತ್ತಿದೆ, 1,720 ಮೆಗಾವಾಟ್ ಸಾಮರ್ಥ್ಯದ ಶಾಖೋತ್ಪನ್ನ ಕೇಂದ್ರವಿದೆ, ಆದರೂ ನಮ್ಮ ಓಣಿಯಲ್ಲಿ ಮೇಣದಬತ್ತಿಯ ವ್ಯಾಪಾರ ನಿಂತಿಲ್ಲ. ನಮ್ಮ ಉತ್ತರ ಇಷ್ಟೇ: ತುಂಬಿಸಬೇಡಿ ಎಂದು ನಾವು ಹೇಳುತ್ತಿಲ್ಲ. ನಾಳೆ ಪರೀಕ್ಷೆಯಿದೆಯೇ, ಪ್ರಯಾಣವಿದೆಯೇ, ಮಳೆ ಗಾಳಿಯ ಸೂಚನೆಯಿದೆಯೇ, ನೂರು ತುಂಬಿಸಿ, ಬಳಸಿ. ನೂರಕ್ಕೆ ಏರಿದ್ದರಿಂದ ಆಗುವ ಹಾನಿ ಅಷ್ಟು ದೊಡ್ಡದಲ್ಲ. ನೂರರಲ್ಲೇ ನಿಂತದ್ದರಿಂದ ದೊಡ್ಡದು. ಜೊತೆಗೆ ಇನ್ನೊಂದು ಲೆಕ್ಕವನ್ನೂ ನೋಡಿ. ಎರಡು ವರ್ಷ ದಿನವೂ ನೂರು ತುಂಬಿಸಿದ ಹುಡುಗಿಗೆ ಬೇಕಾದ ದಿನ ಸಿಕ್ಕಿದ್ದು ಆರು ನಿಮಿಷ.

ಬ್ಯಾಟರಿ ಎಷ್ಟು ಮಾಡಿದರೂ ಒಂದು ದಿನ ಮುದಿಯಾಗುತ್ತದೆ ಎಂಬುದನ್ನೂ ಒಪ್ಪಿಕೊಂಡೇ ಹೇಳುತ್ತೇವೆ. ಯಾವ ಅಭ್ಯಾಸವೂ ಅದನ್ನು ಚಿರಂಜೀವಿ ಮಾಡುವುದಿಲ್ಲ. ಸಾಮಾನ್ಯ ಲ್ಯಾಪ್‌ಟಾಪ್‌ನ ಬ್ಯಾಟರಿ 300ರಿಂದ 500 ಸುತ್ತುಗಳ ಹೊತ್ತಿಗೆ ತನ್ನ ಮೂಲಶಕ್ತಿಯ ಐದರಲ್ಲಿ ಒಂದು ಭಾಗ ಕಳೆದುಕೊಂಡರೆ ಅದು ಸಹಜ ಸವೆತ. ಆದರೆ ನಾಲ್ಕೈದು ವರ್ಷ ಬಾಳಬೇಕಾದದ್ದು ಎರಡು ವರ್ಷಕ್ಕೆ ಮಣ್ಣುಪಾಲಾಗುವುದನ್ನು ಸಹಜ ಎನ್ನಲು ನಾವು ತಯಾರಿಲ್ಲ.

ಇನ್ನು ಕಂಪನಿಗಳ ವಿಷಯ. ನಮ್ಮ ನಿಜವಾದ ಜಗಳ ಇಲ್ಲಿದೆ.

ಈ 80ರ ಸಂಗತಿ ಅವರಿಗೆ ಗೊತ್ತಿಲ್ಲವೆಂದಲ್ಲ. ಚಾರ್ಜು ಎಲ್ಲಿ ಶುರುವಾಗಬೇಕು, ಎಲ್ಲಿ ನಿಲ್ಲಬೇಕು ಎಂದು ಹೇಳುವ ವ್ಯವಸ್ಥೆ ಥಿಂಕ್‌ಪ್ಯಾಡ್ ಲ್ಯಾಪ್‌ಟಾಪ್‌ಗಳಲ್ಲಿ 2000ದ ದಶಕದಲ್ಲೇ ಇತ್ತು. ಈಗ ಲೆನೊವೊದವರು 'ಕನ್ಸರ್ವೇಶನ್ ಮೋಡ್' ಎನ್ನುತ್ತಾರೆ, ಏಸಸ್‌ನವರು 'ಬ್ಯಾಟರಿ ಕೇರ್' ಎನ್ನುತ್ತಾರೆ, ಡೆಲ್‌ನವರು 'ಪ್ರೈಮರಿಲಿ ಎಸಿ ಯೂಸ್' ಎನ್ನುತ್ತಾರೆ. ಆಪಲ್‌ನವರು 2020ರಲ್ಲಿ ತಮ್ಮ ಮ್ಯಾಕ್‌ಬುಕ್‌ಗಳ ಬ್ಯಾಟರಿಯ ಆರೋಗ್ಯವನ್ನು ಯಂತ್ರವೇ ನೋಡಿಕೊಳ್ಳುವಂತೆ ಮಾಡಿದರು. ಅಂದರೆ ವಿದ್ಯೆ ಇದೆ, ಬಿರಡೆಯೂ ಇದೆ. ಆದರೆ ನಾವು ನೋಡಿದ ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ಆ ಬಿರಡೆ ಆಫ್ ಆಗಿಯೇ ಮನೆಗೆ ಬರುತ್ತದೆ. ಯಾವುದೋ ಆಪ್‌ನ ಯಾವುದೋ ಒಳಮನೆಯಲ್ಲಿ, ಅರ್ಥವಾಗದ ಇಂಗ್ಲಿಷ್ ಹೆಸರಿನ ಕೆಳಗೆ ಅದು ಅವಿತಿರುತ್ತದೆ. ಏಕೆ? 'ಹತ್ತು ತಾಸು ಬ್ಯಾಟರಿ' ಎಂದು ಪೆಟ್ಟಿಗೆಯ ಮೇಲೆ ಅಚ್ಚಾಗಿದೆಯಲ್ಲ, 80ಕ್ಕೆ ನಿಲ್ಲಿಸಿದರೆ ಅದು ಎಂಟಾಗುತ್ತದೆ. ಎಂಟು ತಾಸಿನ ಪೆಟ್ಟಿಗೆಯ ಪಕ್ಕ ಹತ್ತು ತಾಸಿನ ಪೆಟ್ಟಿಗೆ ಇಟ್ಟರೆ ಯಾವುದು ಮಾರಾಟವಾಗುತ್ತದೆ ಎಂದು ಹೇಳಲು ಜ್ಯೋತಿಷ್ಯ ಬೇಕಿಲ್ಲ. ಇದು ನಮ್ಮ ಊಹೆ. ಇದಕ್ಕಿಂತ ಒಳ್ಳೆಯ ಕಾರಣವಿದ್ದರೆ ಅವರೇ ಹೇಳಲಿ.

ಒಂದು ವಿಚಿತ್ರ ನೋಡಿ. ಹದಿನೈದು ಇಪ್ಪತ್ತು ಲಕ್ಷದ ವಿದ್ಯುತ್ ಕಾರು ಕೊಂಡವನಿಗೆ ಹಲವು ತಯಾರಕರು ತಾವಾಗಿಯೇ ಹೇಳುತ್ತಾರೆ, ದಿನನಿತ್ಯದ ಓಡಾಟಕ್ಕೆ 80ರವರೆಗೆ ಸಾಕು, ದೂರ ಪ್ರಯಾಣಕ್ಕೆ ಮಾತ್ರ ಪೂರ್ತಿ ತುಂಬಿಸಿ ಎಂದು. ಕಾರಿನ ಬ್ಯಾಟರಿಗೆ ಎಂಟು ವರ್ಷದ ವಾರಂಟಿ ಕೊಟ್ಟವನಿಗೆ ಬ್ಯಾಟರಿ ಉಳಿಯಬೇಕೆಂಬ ಕಾಳಜಿ ತಾನಾಗಿ ಹುಟ್ಟುತ್ತದೆ. ಲ್ಯಾಪ್‌ಟಾಪ್‌ನ ಬ್ಯಾಟರಿಗೆ ಸಾಮಾನ್ಯವಾಗಿ ವಾರಂಟಿ ಒಂದು ವರ್ಷ. ಹದಿಮೂರನೆಯ ತಿಂಗಳಿಂದ ಆ ಕಾಳಜಿ ಬಳೆ ಒತ್ತೆಯಿಟ್ಟವರಿಗೆ ವರ್ಗಾವಣೆಯಾಗುತ್ತದೆ.

ನಮ್ಮ ಹುಡುಗಿಯ ಲ್ಯಾಪ್‌ಟಾಪ್‌ನ ಪೆಟ್ಟಿಗೆಯಲ್ಲಿ ಒಂದು ಮಡಿಸಿದ ಕಾಗದವಿತ್ತು. ನಾವದನ್ನು ಬಿಡಿಸಿ ನೋಡಿದೆವು. ಹತ್ತಾರು ಭಾಷೆಗಳು. ಕನ್ನಡ ಇಲ್ಲ, ಉರ್ದುವೂ ಇಲ್ಲ. ಎರಡು ಭಾಷೆಯಲ್ಲಿ ಓದು ಬರಹ ಕಲಿತ ನಮಗೆ ಎರಡರಲ್ಲೂ ಹೇಳುವವರಿರಲಿಲ್ಲ. ಇಂಗ್ಲಿಷಿನ ಭಾಗದಲ್ಲಾದರೂ ಏನಿತ್ತು? ನೀರಿಗೆ ಹಾಕಬೇಡಿ, ಬೆಂಕಿಗೆ ಹಾಕಬೇಡಿ, ಬಿಚ್ಚಬೇಡಿ. ಯಾರಾದರೂ ಲ್ಯಾಪ್‌ಟಾಪನ್ನು ಬೆಂಕಿಗೆ ಹಾಕುತ್ತಾರೆಯೇ? ದಿನವೂ ಮಾಡುವ ಕೆಲಸದ ಬಗ್ಗೆ ಒಂದು ಸಾಲಿಲ್ಲ. ಹೇಳಬೇಕಾದವರು ಹೇಳದೇ ಬಿಟ್ಟ ಜಾಗಕ್ಕೆ ಅಂಗಡಿಯವನ ನಿಕ್ಕಲ್ ಕಾಲದ ವಿದ್ಯೆ ಬಂದು ಕೂತಿತು. ಕೊನೆಗೆ ತೀರ್ಪು: ಬಳಸಿದವರ ತಪ್ಪು.

"ಹೋಗಲಿ ಬಿಡ್ರಿ, ಮೂರು ನಾಲ್ಕು ಸಾವಿರ ಕೊಟ್ಟರೆ ಹೊಸ ಬ್ಯಾಟರಿ" ಎನ್ನುವ ಉದಾರಿಗಳೂ ಇದ್ದಾರೆ. ಅವರು ಹಳೆಯ ಕಾಲದಲ್ಲಿದ್ದಾರೆ. ಹದಿನೈದು ವರ್ಷದ ಹಿಂದಿನ ಲ್ಯಾಪ್‌ಟಾಪ್‌ನ ತಳದಲ್ಲಿ ಎರಡು ಚಿಲಕಗಳಿರುತ್ತಿದ್ದವು. ಎಳೆದರೆ ಬ್ಯಾಟರಿ ಕೈಗೆ ಬರುತ್ತಿತ್ತು. ಅದರೊಳಗೆ ಹೆಬ್ಬೆರಳಿಗಿಂತ ಸ್ವಲ್ಪ ಉದ್ದದ, 18 ಮಿಲಿಮೀಟರ್ ದಪ್ಪ 65 ಮಿಲಿಮೀಟರ್ ಉದ್ದದ ದುಂಡನೆಯ ಸೆಲ್ಲುಗಳು. ಈಗ ಯಂತ್ರ ತೆಳ್ಳಗಾಯಿತು, ಬ್ಯಾಟರಿ ಹೊಟ್ಟೆಯೊಳಗೆ ಹೋಯಿತು. ಸಣ್ಣ ಸಣ್ಣ ಸ್ಕ್ರೂಗಳು, ಕೆಲವದರಲ್ಲಿ ಅಂಟು. ತೆಗೆಯಲು ಮಿಸ್ತ್ರಿ ಬೇಕು. ಮಾದರಿ ಹಳೆಯದಾದರೆ ಅಸಲಿ ಬ್ಯಾಟರಿ ಸಿಗುವುದಿಲ್ಲ, ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಗುವುದರಲ್ಲಿ ಅಸಲಿ ಯಾವುದು ನಕಲಿ ಯಾವುದು ಎಂದು ಹೇಳಲು ಅನುಭವಿ ಕಣ್ಣು ಬೇಕು. ಯುರೋಪಿನ ಒಕ್ಕೂಟ 2023ರಲ್ಲಿ ಬ್ಯಾಟರಿಗಳ ಬಗ್ಗೆ ಒಂದು ಕಾನೂನು ಮಾಡಿತು. ಅದರ ಪ್ರಕಾರ 2027ರ ಫೆಬ್ರವರಿ 18ರಿಂದ ಅಲ್ಲಿ ಮಾರುವ ಇಂಥ ಸಾಧನಗಳ ಬ್ಯಾಟರಿಯನ್ನು ಬಳಸುವವನೇ ಸುಲಭವಾಗಿ ತೆಗೆದು ಬದಲಿಸುವಂತಿರಬೇಕು. ನಮ್ಮಲ್ಲಿಯೂ 2022ರಲ್ಲಿ ರಿಪೇರಿಯ ಹಕ್ಕಿನ ಬಗ್ಗೆ ಕೇಂದ್ರ ಸರ್ಕಾರ ಸಮಿತಿ ಮಾಡಿತು, ವರ್ಷದ ಕೊನೆಗೆ ಒಂದು ಪೋರ್ಟಲ್ಲನ್ನೂ ತೆರೆಯಿತು. ಅದೇ ವರ್ಷ ಬ್ಯಾಟರಿ ತ್ಯಾಜ್ಯ ನಿರ್ವಹಣೆಯ ನಿಯಮಗಳೂ ಬಂದವು, ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆ ತಯಾರಕರದು ಎಂದಾಯಿತು. ಒಳ್ಳೆಯದೇ. ಆದರೆ ಚಿಲಕ ಮರಳಿ ಬೇಕು ಎಂಬ ಮಾತು ನಮ್ಮ ಕಡೆಯಿಂದ ಇನ್ನೂ ಗಟ್ಟಿಯಾಗಿ ಎದ್ದಿಲ್ಲ.

ಸತ್ತ ಬ್ಯಾಟರಿ ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಹೇಳಿಬಿಡುತ್ತೇವೆ, ಏಕೆಂದರೆ ಹೊಸದನ್ನು ಕೊಂಡ ಖುಷಿಯಲ್ಲಿ ಇದನ್ನು ಯಾರೂ ಕೇಳುವುದಿಲ್ಲ. ಕಾನೂನಿನ ದಾರಿ ಬೇರೆ, ಗುಜರಿಯ ದಾರಿ ಬೇರೆ. ಬೆಂಗಳೂರಿನ ಗೋರಿಪಾಳ್ಯದಂಥ ಕಡೆ ಹಳೆಯ ಕಂಪ್ಯೂಟರುಗಳನ್ನು ಕೈಯಲ್ಲೇ ಬಿಚ್ಚಿ ಬದುಕುವವರು ಬಹಳ ಹಿಂದಿನಿಂದ ಇದ್ದಾರೆ. ಅಲ್ಲಿ ಸುತ್ತಿಗೆ, ಸ್ಕ್ರೂಡ್ರೈವರ್, ಬರಿಗೈ. ಉಬ್ಬಿದ ಲಿಥಿಯಂ ಬ್ಯಾಟರಿಗೆ ಸ್ಕ್ರೂಡ್ರೈವರ್ ತಾಗಿದರೆ ಬೆಂಕಿ, ವಿಷದ ಹೊಗೆ. ಅದರೊಳಗಿನ ಕೋಬಾಲ್ಟ್ ಬಂದ ಕಡೆಯೂ ಇದಕ್ಕಿಂತ ಚೆಂದವಿಲ್ಲ. ಜಗತ್ತಿನ ಕೋಬಾಲ್ಟಿನಲ್ಲಿ ಅರ್ಧಕ್ಕಿಂತ ಹೆಚ್ಚು ಕಾಂಗೋ ದೇಶದ ಗಣಿಗಳಿಂದ ಬರುತ್ತದೆ, ಆ ಗಣಿಗಳಲ್ಲಿ ಮಕ್ಕಳು ದುಡಿಯುವುದನ್ನು ಆಮ್ನೆಸ್ಟಿ ಸಂಸ್ಥೆ 2016ರಲ್ಲಿ ಜಗತ್ತಿಗೆ ಹೇಳಿದೆ. ಎರಡು ವರ್ಷಕ್ಕೊಂದು ಬ್ಯಾಟರಿ ಎನ್ನುವವರು ಈ ಎರಡು ತುದಿಗಳನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಲಿ. (ಮನೆಯಲ್ಲಿ ಲ್ಯಾಪ್‌ಟಾಪ್‌ನ ತಳ ಅಥವಾ ಟಚ್‌ಪ್ಯಾಡ್ ಉಬ್ಬಿದಂತೆ ಕಂಡರೆ ಮತ್ತೆ ಚಾರ್ಜಿಗೆ ಹಾಕಬೇಡಿ, ಒತ್ತಿ ಸಮ ಮಾಡಲು ಹೋಗಬೇಡಿ, ಕಸದ ಬುಟ್ಟಿಗೂ ಹಾಕಬೇಡಿ, ಬಲ್ಲ ಮಿಸ್ತ್ರಿಯ ಕೈಯಲ್ಲಿ ಬಿಚ್ಚಿಸಿ.)

ಸರ್ಕಾರವೂ ಇದರಿಂದ ಹೊರಗಿಲ್ಲ. ವಿದ್ಯಾರ್ಥಿಗಳಿಗೆ ಲ್ಯಾಪ್‌ಟಾಪ್ ಹಂಚುವ ಯೋಜನೆಗಳು ನಮ್ಮ ರಾಜ್ಯದಲ್ಲಿ ಆಗಾಗ ನಡೆದಿವೆ. ವೇದಿಕೆ, ಹಾರ, ಫೋಟೊ ಎಲ್ಲ ಇರುತ್ತದೆ. ಹಂಚುವ ಮೊದಲು ಆ 80ರ ಬಿರಡೆಯನ್ನು ಆನ್ ಮಾಡಿ ಕೊಡಿ, ಜೊತೆಗೆ ಕನ್ನಡದಲ್ಲಿ ಅರ್ಧ ಪುಟದ ಒಂದು ಚೀಟಿ ಇಡಿ ಎಂದರೆ ಅದಕ್ಕೆ ಟೆಂಡರ್ ಕರೆಯಬೇಕಿಲ್ಲ.

ತಮ್ಮ ಬ್ಯಾಟರಿಯ ಗತಿ ಏನಾಗಿದೆ ಎಂದು ನೋಡಬಯಸುವವರಿಗೆ ಒಂದು ಉಪಾಯವಿದೆ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು, ಇಂಗ್ಲಿಷ್ ಅಕ್ಷರಗಳಲ್ಲಿ ಪವರ್‌ಸಿಎಫ್‌ಜಿ ಎಂದು ಬರೆದು, ಒಂದು ಜಾಗ ಬಿಟ್ಟು, ಓರೆಗೆರೆ ಹಾಕಿ, ಬ್ಯಾಟರಿರಿಪೋರ್ಟ್ ಎಂದು ಸೇರಿಸಿ ಒತ್ತಿದರೆ ಒಂದು ವರದಿ ಸಿದ್ಧವಾಗುತ್ತದೆ. ಅದರಲ್ಲಿ 'ಡಿಸೈನ್ ಕೆಪಾಸಿಟಿ' ಎಂದರೆ ಹುಟ್ಟಿದಾಗಿನ ಶಕ್ತಿ, 'ಫುಲ್ ಚಾರ್ಜ್ ಕೆಪಾಸಿಟಿ' ಎಂದರೆ ಈಗಿನದು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಯಾರ ಉಪದೇಶವೂ ಬೇಕಾಗುವುದಿಲ್ಲ. ನಮ್ಮ ಹುಡುಗಿಯ ಹಳೆಯ ಬ್ಯಾಟರಿಯ ವರದಿಯಲ್ಲಿ ಹುಟ್ಟಿದಾಗಿನದು 42,000, ಸಾಯುವಾಗಿನದು 15,000 ಚಿಲ್ಲರೆ ಇತ್ತು.

2022ರ ಜೂನ್‌ನಲ್ಲಿ ಹೊಸ ಬ್ಯಾಟರಿ ಹಾಕಿಸಿದೆವು. ಅಕ್ಕನ ಒಂದು ಬಳೆ ಇನ್ನೂ ಬಿಡಿಸಿಕೊಂಡಿರಲಿಲ್ಲ, ಆದ್ದರಿಂದ ದುಡ್ಡು ನಾವು ಕೊಟ್ಟೆವು. ಒಂದು ಕತೆಗೆ ಬಂದ ಸಂಭಾವನೆ ಅದರಲ್ಲಿ ಎಷ್ಟನೇ ಒಂದು ಭಾಗ ಎಂದು ಇಲ್ಲಿ ಬರೆಯುವುದಿಲ್ಲ, ಸಂಪಾದಕರು ಬೇಸರಪಟ್ಟುಕೊಂಡಾರು. ಹುಡುಗಿ 80ರ ಬಿರಡೆಯನ್ನು ಹುಡುಕಿ ಆನ್ ಮಾಡಿದಳು. ರಜಾಯಿ ಹೋಗಿ ರೊಟ್ಟಿ ಬಡಿಯುವ ಹಳೆಯ ಹಲಗೆ ಬಂತು. 2025ರ ಜೂನ್‌ನಲ್ಲಿ, ಅಂದರೆ ಮೂರು ವರ್ಷ ಕಳೆದ ಮೇಲೆ, ಅವಳು ವರದಿ ತೆಗೆದಾಗ 42,000ಕ್ಕೆ 36,000 ಉಳಿದಿತ್ತು. ಅವಳೀಗ ಒಂದು ಖಾಸಗಿ ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. ಆ ಪ್ರವೇಶ ಪರೀಕ್ಷೆಯನ್ನು ಮತ್ತೆ ಬರೆಯಲಿಲ್ಲ.

ವರದಿಯ ಪ್ರತಿ ತೆಗೆದುಕೊಂಡು ಅವಳು ಆ ಅಂಗಡಿಗೆ ಹೋಗಿದ್ದಳು, ನಾವೂ ಜೊತೆಗಿದ್ದೆವು. ಜಗಳ ಆದೀತೆಂದು ನಾವು ಅಂದುಕೊಂಡಿದ್ದೆವು. ಆತ ಕಾಗದವನ್ನು ಎರಡು ಸಲ ನೋಡಿದ. ಆಮೇಲೆ, "ಬೇಟಾ, ಇದನ್ನು ಕನ್ನಡದಾಗೂ ಬರದು ಕೊಡು, ಉರ್ದುನಾಗೂ ಬರದು ಕೊಡು, ಗಾಜಿಗೆ ಹಚ್ಚತೀನಿ" ಎಂದ. ಕನ್ನಡ ಅವಳು ಬರೆದಳು, ಉರ್ದು ನಾವು ಬರೆದೆವು. ಕಾಗದ ಈಗಲೂ ಆ ಗಾಜಿನ ಮೇಲಿದೆ. ಪೂರ್ತಿ ಇಳಿಸಬೇಡಿ ಎಂಬ ಸಾಲಿನ ಮೇಲೆ ಮಾತ್ರ ಆತ ಬಾಲ್‌ಪೆನ್ನಿನಿಂದ ಒಂದು ಗೆರೆ ಎಳೆದಿದ್ದಾನೆ. ಅಷ್ಟು ಮಾತ್ರ ತನಗೆ ಇನ್ನೂ ಒಪ್ಪಿಗೆಯಿಲ್ಲವಂತೆ.